ಹೆಪ್ಪು, ಕುಡಿ, ಚೀಟಿ

ಮಳೆ ಹಿಡಿಯುವ ಮುಂಚಿನ ಭಾನುವಾರ ಕುಮಟೆಯ ನಮ್ಮ ಮನೆಯ ಜಗುಲಿಯಲ್ಲಿ ಹನ್ನೊಂದು ಮಂದಿ ಸೇರಿದ್ದೆವು. ಶಿರಸಿ ಕಡೆಯ ತೋಟದ ಅಕ್ಕ ಕಸಿ ಕಟ್ಟಲು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಅಪ್ಪೆಮಾವಿನ ಕುಡಿಗಳನ್ನು ತಂದಿದ್ದರು. ಅಂಕೋಲೆಯ ನಿವೃತ್ತ ಅಂಚೆ ನೌಕರರ ಚೀಲದಲ್ಲಿ ಹಳೆಯ ಔಷಧದ ಬಾಟಲಿಗಳಿದ್ದವು. ಒಂದೊಂದರ ಒಳಗೂ ಓರೆಯಾಗಿ ಗಟ್ಟಿಯಾದ ಅಗರ್ ಎಂಬ ಕಡಲಪಾಚಿಯ ಅಂಟು, ಅದರ ಮೇಲೆ ಹತ್ತಿಯಂತೆ ಹಬ್ಬಿದ ಅಣಬೆಯ ಬಿಳಿ ಎಳೆ. ಮಾಣಿಕಟ್ಟಾ ಕಡೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಯ ಹಿರಿಯರು ಟವಲಿನ ತುದಿಗೆ ಗಂಟು ಹಾಕಿ ಕಗ್ಗ ಭತ್ತ ತಂದಿದ್ದರು. ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುತ್ತಿರುವ ಹುಡುಗಿಯ ಕೈಯಲ್ಲಿ ಒಂದು ಸೀಸೆ ಹಸಿರು ನೀರಿತ್ತು, ಕಾಳಿ ನದಿಯ ಕೋಡಿಯಿಂದ ತುಂಬಿ ತಂದದ್ದು.

ನಮಗೊಂದು ಸಂಘವಿಲ್ಲ, ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ. ಎರಡು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಡುತ್ತೇವೆ, ತಂದದ್ದನ್ನು ಹರವುತ್ತೇವೆ, ಬೇಕಾದವರು ಬೇಕಾದದ್ದನ್ನು ಒಯ್ಯುತ್ತಾರೆ. ಹಣದ ಮಾತು ಬರುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಉಳಿದವರಲ್ಲಿ ಹೆಚ್ಚಿನವರಿಗೆ ಆ ವಿಷಯದಲ್ಲಿ ಪದವಿಯಿಲ್ಲ. ಹವ್ಯಾಸಿ ಜೀವವಿಜ್ಞಾನಿಗಳು ಎಂದು ಕರೆದರೆ ಅಕ್ಕ ನಾಚಿಕೊಳ್ಳುತ್ತಾರೆ. ಆದರೆ ಕುಡಿ ಕತ್ತರಿಸುವ ಎಂಟು ಹತ್ತು ದಿನ ಮೊದಲೇ ತೊಟ್ಟು ಉಳಿಸಿ ಎಲೆ ತೆಗೆದು, ತುದಿಯ ಮೊಗ್ಗು ಉಬ್ಬುವ ತನಕ ಕಾದು, ಪೆನ್ಸಿಲ್ ಗಾತ್ರದ್ದನ್ನೇ ಆರಿಸಿ ತರುವವರನ್ನು ಇನ್ನೇನೆಂದು ಕರೆಯಬೇಕು?

ಆನುವಂಶಿಕ ಸಾಮಗ್ರಿಯ ಮುಕ್ತ ವಿನಿಮಯ ಎಂದಾಗ ಎಲ್ಲರಿಗೂ ಬಿಳಿ ಕೋಟು, ಗಾಜಿನ ಕೋಣೆ ನೆನಪಾಗುತ್ತವೆ. ನನಗೆ ನೆನಪಾಗುವುದು ಸಿದ್ದಾಪುರದ ಅಜ್ಜನ ಮನೆಯ ಹಿಂಬಾಗಿಲು, ಅಲ್ಲಿ ಸಣ್ಣ ಬಟ್ಟಲು ಹಿಡಿದು ನಿಂತ ಆಚೆಮನೆಯ ಅತ್ತೆ. ಅವರಿಗೆ ಬೇಕಾಗಿದ್ದದ್ದು ಒಂದು ಚಮಚ ಹೆಪ್ಪು. ಆ ಒಂದು ಚಮಚದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು, ಪ್ರತಿಯೊಂದರಲ್ಲೂ ಅದರ ಪೂರ್ತಿ ಡಿಎನ್‌ಎ. ದೀಪ ಹಚ್ಚಿದ ಮೇಲೆ ಅಜ್ಜಿ ಹೆಪ್ಪು ಕೊಡುತ್ತಿರಲಿಲ್ಲ, ಅದಕ್ಕೆ ಮುಂಚೆ ಬಂದವರಿಗೆ ಇಲ್ಲವೆಂದದ್ದೂ ಇಲ್ಲ. ಒಂದು ಮಳೆಗಾಲ ಮನೆಮಂದಿಯೆಲ್ಲ ಮದುವೆಗೆ ಹೋಗಿ ಬರುವಷ್ಟರಲ್ಲಿ ನಮ್ಮ ಮೊಸರು ಹಳಸಿ ಲೋಳೆ ಬಂದಿತ್ತು. ಅಜ್ಜಿ ಅದೇ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಆಚೆಮನೆಗೆ ಕಳಿಸಿದರು. ನಮ್ಮದೇ ಹೆಪ್ಪು ಅಲ್ಲಿಂದ ನಮ್ಮ ಮನೆಗೆ ಮರಳಿತು. ಆಗ ನನಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ವಿಶೇಷ ಕಂಡದ್ದು ಅಪ್ಪೆಮರ ಹೋದಾಗ. ಅಜ್ಜನ ಮನೆಯ ತೋಟದ ಕೆಳಗೆ, ಅಘನಾಶಿನಿಗೆ ಸೇರುವ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮರವಿತ್ತು. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮಿ, ಜೀರಿಗೆಯನ್ನೂ ಕರ್ಪೂರವನ್ನೂ ಕೂಡಿಸಿ ಅರೆದಂಥ ಪರಿಮಳ ಅಂಗೈಗೆ ಅಂಟಿಕೊಳ್ಳುತ್ತಿತ್ತು. ಎರಡು ಸಲ ಸೋಪು ಹಚ್ಚಿ ತೊಳೆದರೂ ಹೋಗುತ್ತಿರಲಿಲ್ಲ. ಉಪ್ಪಿನಕಾಯಿ ಮೂರು ವರ್ಷವಾದರೂ ಮೆತ್ತಗಾಗುತ್ತಿರಲಿಲ್ಲ. ಕುಡಿ ಕೇಳಿಕೊಂಡು ಸಾಗರದಿಂದಲೂ ಜನ ಬಂದದ್ದಿದೆ. ದೊಡ್ಡಜ್ಜ ಯಾರಿಗೂ ಕೊಡಲಿಲ್ಲ. ಎಲ್ಲರ ಹಿತ್ತಲಲ್ಲೂ ಬೆಳೆದರೆ ನಮ್ಮ ಮಿಡಿಯನ್ನು ಯಾರು ಕೇಳುತ್ತಾರೆ ಎಂಬುದು ಅವರ ಲೆಕ್ಕ. ಅವರನ್ನು ಸಣ್ಣ ಮನಸ್ಸಿನವರೆಂದು ನಾನು ಹೇಳಲಾರೆ. ಅಡಿಕೆಗೆ ಬೆಲೆಯಿಲ್ಲದ ವರ್ಷಗಳಲ್ಲಿ ಆ ಮರದ ಮಿಡಿಯಿಂದಲೇ ಮನೆಯ ಎಷ್ಟೋ ಖರ್ಚು ನಡೆದಿದೆ.

2019ರ ಆಗಸ್ಟ್ ನೆರೆಯಲ್ಲಿ ಹಳ್ಳದ ದಂಡೆ ಕುಸಿದು ಮರ ಬೇರು ಸಮೇತ ಹೋಯಿತು.

ಅದರ ಗೊರಟೆ ಬಿತ್ತಿದ ಸಸಿಗಳು ಮನೆಯ ಸುತ್ತ ನಾಲ್ಕೈದು ಇವೆ. ಒಂದರಲ್ಲೂ ಆ ಪರಿಮಳವಿಲ್ಲ. ಮಾವಿನ ಹೂವಿಗೆ ಬೇರೆ ಮರದ ಪರಾಗ ಬರುತ್ತದೆ, ಗೊರಟೆಯೊಳಗೆ ತಾಯಿಯ ಅರ್ಧ, ಯಾವುದೋ ತಂದೆಯ ಅರ್ಧ ಸೇರಿ ಹೊಸ ಮರವೇ ಹುಟ್ಟುತ್ತದೆ. ಹಳೆಯ ಮರವನ್ನು ಹಾಗೆಯೇ ಉಳಿಸಿಕೊಳ್ಳಬೇಕಾದರೆ ಅದರ ಕುಡಿಯನ್ನು ಇನ್ನೊಂದು ಬೇರಿಗೆ ಕಸಿ ಕಟ್ಟಬೇಕು. ಹಿಂದೊಮ್ಮೆ ಯಾರೋ ರಾತ್ರಿ ಬಂದು ಕುಡಿ ಕದ್ದೊಯ್ದಿದ್ದಾರೆಂದು ದೊಡ್ಡಜ್ಜ ತಿಂಗಳುಗಟ್ಟಲೆ ಬೈದಿದ್ದು ನನಗೆ ನೆನಪಿತ್ತು. ಆ ಕಳ್ಳನನ್ನು ನಾನು ಮೂರು ವರ್ಷ ಹುಡುಕಿದೆ. ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಊರುಗಳಲ್ಲಿ, ಮಿಡಿ ಸಂತೆಗಳಲ್ಲಿ, ಕಂಡ ಕಂಡ ತೊಟ್ಟು ಮುರಿದು ಮೂಸಿದೆ. ಸಿಗಲಿಲ್ಲ. ಕಳ್ಳತನ ನಿಜವಾಗಿದ್ದರೆ ಸಾಕಿತ್ತೆಂದು ಈಗಲೂ ಅನ್ನಿಸುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ಹೆಮ್ಮೆಯ ಸಂಗತಿ. ಆದರೆ ಆ ಮನ್ನಣೆ ಕಾಯುವುದು ಹೆಸರನ್ನು. ಹಳ್ಳದ ದಂಡೆಯ ಒಂಟಿ ಮರವನ್ನು ಕಾಯುವುದು ಇನ್ನೊಂದು ಹಿತ್ತಲಲ್ಲಿ ಬೆಳೆಯುತ್ತಿರುವ ಅದರ ಕಸಿ ಮಾತ್ರ.

ಹೀಗೆ ಶುರುವಾಯಿತು ನಮ್ಮ ಕೂಟ. ಇದರಲ್ಲಿ ಹೊಸತೇನಿಲ್ಲ. ಶಿರಸಿಯಲ್ಲಿ ವನಸ್ತ್ರೀ ಬಳಗದ ಹೆಂಗಸರು 2001ರಿಂದಲೂ ಬೀಜಗಳನ್ನು ಕಾಪಾಡಿ ಹಂಚುತ್ತಿದ್ದಾರೆ, ಅವರ ಮಲೆನಾಡು ಮೇಳದಲ್ಲಿ ತರಕಾರಿ ಬೀಜದ ಪೊಟ್ಟಣಗಳನ್ನು ನೋಡುತ್ತಾ ನಿಂತರೆ ಮಧ್ಯಾಹ್ನವಾದದ್ದೇ ತಿಳಿಯುವುದಿಲ್ಲ. ನಾವು ಬೀಜದ ಜೊತೆಗೆ ಅಣಬೆ, ಪಾಚಿ, ಹೆಪ್ಪುಗಳನ್ನೂ ಸೇರಿಸಿಕೊಂಡೆವು, ಅಷ್ಟೇ.

ಅಣಬೆಯ ಕೆಲಸ ನಾನು ಕಲಿತದ್ದು ಅಡುಗೆಮನೆಯಲ್ಲಿ. ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಅಗರ್ ಸೇರಿಸಿ ಬಾಟಲಿಗೆ ತುಂಬಿ ಪ್ರೆಶರ್ ಕುಕ್ಕರಿನಲ್ಲಿ ಅರ್ಧ ಗಂಟೆ ಇಡಬೇಕು. ತಣಿದ ಮೇಲೆ, ಆಗಷ್ಟೇ ಕಿತ್ತ ಅಣಬೆಯನ್ನು ಸೀಳಿ, ಗಾಳಿ ಸೋಕದ ಒಳತಿರುಳಿನ ಅಕ್ಕಿಕಾಳಿನಷ್ಟು ಚೂರನ್ನು ಕಾಸಿದ ಸೂಜಿಯಿಂದ ಒಳಗಿಡಬೇಕು. ಇದೆಲ್ಲ ದೀಪದ ಜ್ವಾಲೆಯ ಪಕ್ಕದಲ್ಲೇ, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು. ವಾರದಲ್ಲಿ ಬಿಳಿ ಎಳೆ ಹಬ್ಬುತ್ತದೆ. ಅದರಿಂದ ನೂರು ಬಾಟಲಿ ಮಾಡಬಹುದು, ಮೂಲ ಬಾಟಲಿಗೆ ಏನೂ ಕಡಿಮೆಯಾಗುವುದಿಲ್ಲ.

ಆ ಅಗರ್‌ನ ಕಥೆಯನ್ನು ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. 1880ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬವರು ಬ್ಯಾಕ್ಟೀರಿಯಾ ಬೆಳೆಸಲು ಹೆಣಗುತ್ತಿದ್ದರು. ಅವರು ಬಳಸುತ್ತಿದ್ದ ಜೆಲಾಟಿನ್ ಬಿಸಿಲಿಗೆ ಕರಗಿ ನೀರಾಗುತ್ತಿತ್ತು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಸಿಹಿತಿಂಡಿ ಗಟ್ಟಿಯಾಗಿಸಲು ಅಗರ್ ಬಳಸುತ್ತಿದ್ದರು. ಆ ಉಪಾಯ ಅವರಿಗೆ ಸಿಕ್ಕಿದ್ದು ಜಾವಾದಲ್ಲಿ ಇದ್ದುಬಂದ ನೆರೆಯವರಿಂದ. ಇದನ್ನೇ ಬಳಸಿ ನೋಡಿ ಎಂದು ಫ್ಯಾನಿ ಗಂಡನಿಗೆ ಹೇಳಿದರು. ಇಂದಿಗೂ ಲೋಕದ ಸೂಕ್ಷ್ಮಜೀವಿ ಪ್ರಯೋಗಾಲಯಗಳು ಹೆಚ್ಚಾಗಿ ಆ ಕಡಲಪಾಚಿಯ ಅಂಟಿನ ಮೇಲೆಯೇ ನಡೆಯುತ್ತವೆ. ಕಾಖ್ 1882ರಲ್ಲಿ ಅಗರ್ ಬಗ್ಗೆ ಬರೆದರು, ಫ್ಯಾನಿಯ ಹೆಸರು ಬರೆಯಲಿಲ್ಲ. ಜಾವಾದ ಅಡುಗೆಮನೆಯಿಂದ ನೆರೆಮನೆಗೆ, ಅಲ್ಲಿಂದ ಪ್ರಯೋಗಾಲಯಕ್ಕೆ ಬಂದ ಜ್ಞಾನ ಎಲ್ಲೂ ಬೆಲೆ ಕೇಳಲಿಲ್ಲ. ಅದು ನನಗೆ ಸಂತೋಷ. ಹೆಸರೂ ಉಳಿಯದೆ ಹೋದದ್ದು ಮಾತ್ರ ನೋವು.

ಪಶ್ಚಿಮದ ಹವ್ಯಾಸಿಗಳು ಹಂಚಿಕೊಳ್ಳುವುದು ಇನ್ನೂ ಸೂಕ್ಷ್ಮವಾದದ್ದನ್ನು. 2008ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಡಿಐವೈಬಯೊ ಎಂಬ ಹೆಸರಿನಲ್ಲಿ ಅವರು ಒಟ್ಟುಗೂಡಿದರು, 2010ರಲ್ಲಿ ಬ್ರೂಕ್ಲಿನ್‌ನಲ್ಲಿ ಜೆನ್‌ಸ್ಪೇಸ್ ಎಂಬ ಸಾರ್ವಜನಿಕ ಪ್ರಯೋಗಾಲಯ ತೆರೆಯಿತು. ಅಲ್ಲಿ ಕೈಬದಲಾಗುವುದು ಪ್ಲಾಸ್ಮಿಡ್, ಅಂದರೆ ಬಳೆಯಂತಿರುವ ಪುಟ್ಟ ಡಿಎನ್‌ಎ. ಅದನ್ನು ಒಂದು ಹನಿ ಕಾಗದದ ಮೇಲೆ ಇಟ್ಟು ಒಣಗಿಸಿ ಲಕೋಟೆಯಲ್ಲಿ ಕಳಿಸಬಹುದು, ಪಡೆದವರು ಆ ಚುಕ್ಕೆಯನ್ನು ಕತ್ತರಿಸಿ ನೀರಿಗೆ ಹಾಕಿದರೆ ಡಿಎನ್‌ಎ ಬಿಟ್ಟುಕೊಳ್ಳುತ್ತದೆ. ಜೀವಿಗಳನ್ನು ಹೊಸದಾಗಿ ರೂಪಿಸುವ ವಿದ್ಯಾರ್ಥಿಗಳ ಐಜೆಮ್ ಸ್ಪರ್ಧೆಯ ಮೊದಮೊದಲ ವರ್ಷಗಳಲ್ಲಿ ತಂಡಗಳಿಗೆ ಡಿಎನ್‌ಎ ಹೀಗೆ ಕಾಗದದಲ್ಲೇ ಹೋಗುತ್ತಿತ್ತು. ಮೊದಲ ಸಲ ಇದನ್ನು ಓದಿದಾಗ ನನಗೆ ಅಕ್ಕನ ಬಾಳೆಪಟ್ಟೆ ನೆನಪಾಯಿತು. ಅದೇ ಸ್ಪರ್ಧೆಗೆ 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಶಾಲೆಯ ಹುಡುಗರು ಹೋಗಿದ್ದರು. ಅವರು ಆರಿಸಿಕೊಂಡದ್ದು ಜಿಯೋಸ್ಮಿನ್, ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಯ ಮೂಲ. ಕಲೆ ಓದುವ ಹುಡುಗರಿಗೆ ಬ್ಯಾಕ್ಟೀರಿಯಾದಿಂದ ಮಳೆಯ ವಾಸನೆ ಬರಿಸಬೇಕೆನ್ನಿಸಿದ್ದು ಎಷ್ಟು ಚೆಂದ!

ಪ್ಲಾಸ್ಮಿಡ್‌ಗಳ ದೊಡ್ಡ ಭಂಡಾರ ಆಡ್‌ಜೀನ್. 2004ರಲ್ಲಿ ಶುರುವಾದ ಈ ಲಾಭರಹಿತ ಸಂಸ್ಥೆ ವಿಜ್ಞಾನಿಗಳಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅದು ಕಳಿಸುವುದು ಸಂಸ್ಥೆಗಳಿಗೆ, ನನ್ನಂಥವರ ಮನೆ ವಿಳಾಸಕ್ಕಲ್ಲ. ಪ್ರಯೋಗಾಲಯಗಳ ನಡುವಿನ ಮಾಮೂಲಿ ಒಪ್ಪಂದ ಪತ್ರಗಳಲ್ಲಿ, ಪಡೆದದ್ದನ್ನು ಮೂರನೆಯವರಿಗೆ ಕೊಡಬಾರದು ಎಂಬ ಷರತ್ತಿರುತ್ತದೆ. ಆಚೆಮನೆಗೆ ಹೆಪ್ಪು ಕೊಟ್ಟು, ಈಚೆಮನೆಗೆ ಕೊಡಬೇಡ ಎಂದಂತೆ. 2018ರಲ್ಲಿ ಬಂದ ಓಪನ್ ಎಂಟಿಎ ಎಂಬ ಹೊಸ ಒಪ್ಪಂದ ಆ ಕಟ್ಟನ್ನು ಬಿಚ್ಚಿತು. ಅದರ ಪ್ರಕಾರ ಪಡೆದವರು ಬದಲಿಸಬಹುದು, ಮುಂದೆ ಹಂಚಬಹುದು, ಮಾರಲೂಬಹುದು, ಮತ್ತು ಮಾಡಿದವರ ಹೆಸರಿಗೆ ಮನ್ನಣೆ ಸಿಗಬೇಕು. ಆ ಕೊನೆಯದನ್ನು ಓದಿ ನಾನು ಪೆನ್ನಿನಿಂದ ಗೆರೆ ಎಳೆದೆ.

ಒಂದನ್ನು ಹೇಳಿಬಿಡುತ್ತೇನೆ. ನಮ್ಮ ಕೂಟದಲ್ಲಿ ಯಾರೂ ಜೀನ್ ತಿದ್ದುವ ಕೆಲಸ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ 1989ರ ನಿಯಮಗಳಿವೆ, ಕೆಲಸಕ್ಕೆ ತಕ್ಕಂತೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯಿಂದ ಹಿಡಿದು ಮೇಲಿನ ತನಕ ಅನುಮತಿ ಬೇಕು. ಅದು ಸರಿಯೆಂದೇ ನನ್ನ ಭಾವನೆ, ಯಾಕೆಂದರೆ ಜೀನ್ ತಿದ್ದದೆಯೇ ನಾನೊಂದು ಹಾನಿ ಮಾಡಿದ್ದೇನೆ.

ನಾಲ್ಕು ವರ್ಷದ ಹಿಂದೆ ಯಲ್ಲಾಪುರದ ಗೆಳತಿಯೊಬ್ಬಳಿಗೆ ನಮ್ಮ ಹಿತ್ತಲಿನ ಕಾಳುಮೆಣಸಿನ ಬೇರು ಬಂದ ಬಳ್ಳಿಗಳನ್ನು ಕೊಟ್ಟೆ. ದಪ್ಪ ಕಾಳಿನ ಹಳೆಯ ತಳಿ. ತೊಟ್ಟೆಯ ಮಣ್ಣು ನಮ್ಮ ತೋಟದ್ದೇ. ಆ ವರ್ಷ ನಮ್ಮಲ್ಲಿ ಎರಡು ಬಳ್ಳಿ ಬಾಡಿದ್ದವು, ನೀರು ನಿಂತು ಹಾಗಾಗಿದೆಯೆಂದು ನಾನು ತಲೆಕೆಡಿಸಿಕೊಂಡಿರಲಿಲ್ಲ. ಮರುವರ್ಷದ ಆಷಾಢದಲ್ಲಿ ಅವಳ ತೋಟದಲ್ಲಿ ಮೊದಲು ನನ್ನ ಬಳ್ಳಿಗಳು, ಆಮೇಲೆ ಅವಳ ಮಾವ ನೆಟ್ಟಿದ್ದ ಮೂವತ್ತು ವರ್ಷದ ಬಳ್ಳಿಗಳು, ಸಾಲಿಗೆ ಸಾಲೇ ಎಲೆ ಉದುರಿಸಿ ಕರಿದಾದವು. ಸೊರಗು ರೋಗ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಬಳಗದ್ದೇ ಒಂದು ಜೀವಿ, ಒದ್ದೆ ಮಣ್ಣಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗುತ್ತದೆ. ಪಾಠ ಹೇಳುವಾಗ ನಾನೇ ಹಲಗೆಯ ಮೇಲೆ ಅದರ ಬೀಜಕಣದ ಚಿತ್ರ ಬರೆದವಳು. ನಾನು ಕೊಟ್ಟದ್ದು ಒಂದು ತಳಿಯ ಡಿಎನ್‌ಎ ಎಂದುಕೊಂಡಿದ್ದೆ, ತೊಟ್ಟೆಯಲ್ಲಿ ಇನ್ನೊಂದು ಜೀವಿಯ ಡಿಎನ್‌ಎಯೂ ಹೋಗಿತ್ತು. ಗೆಳತಿ ಒಂದು ಮಾತೂ ಆಡಲಿಲ್ಲ. ಅವಳ ಮಾವ ನಾನು ಹೋದಾಗ ಎದ್ದು ಒಳಗೆ ಹೋದರು. ಅಂದಿನಿಂದ ನಾವು ಮಣ್ಣು ಕೊಡುವುದಿಲ್ಲ. ಕುಡಿ, ಬೀಜ, ಅಗರ್ ಮೇಲಿನ ಎಳೆ, ಇಷ್ಟೇ. ಬಳ್ಳಿಯಾದರೆ ತೊಳೆದು, ಬೇರಿಲ್ಲದ ತುಂಡು. ಒಯ್ದವರು ಒಂದು ಮಳೆಗಾಲ ತೋಟದಿಂದ ದೂರ, ಬೇರೆ ಕುಂಡದಲ್ಲಿ ಇಟ್ಟು ನೋಡಬೇಕು.

ಕಗ್ಗದ ವಿಷಯ ಇದಕ್ಕಿಂತ ಕಷ್ಟದ್ದು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ಹತ್ತಿ ಇಳಿಯುವ ಗಜನಿ ಭೂಮಿಯಲ್ಲಿ ಬೆಳೆಯುವ ಭತ್ತ ಅದು. ಎತ್ತರಕ್ಕೆ ಬೆಳೆದು ನೀರಿಗೆ ಬಾಗುತ್ತದೆ. ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಟ್ಟರೆ, ಆಮೇಲೆ ಒಳಬರುವ ಮೀನಿಗೂ ಸಿಗಡಿಗೂ ಅದೇ ಆಸರೆ. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಒಡ್ಡು ಒಡೆದು ಸಿಗಡಿ ಕೆರೆಗಳಾದ ಗದ್ದೆಗಳಲ್ಲಿ ಕಗ್ಗ ಬಿತ್ತುವವರು ಈಗ ಕಡಿಮೆ.

ಎರಡು ವರ್ಷದ ಹಿಂದೆ ಯುರೋಪಿನ ಹವ್ಯಾಸಿಯೊಬ್ಬರು ನನಗೆ ಪತ್ರ ಬರೆದು ಇಪ್ಪತ್ತು ಕಗ್ಗದ ಕಾಳು ಕೇಳಿದರು. ತಮ್ಮ ಗಾಜಿನ ಮನೆಯಲ್ಲಿ ಉಪ್ಪುನೀರಿನ ಭತ್ತ ಬೆಳೆಸಿ ನೋಡುವ ಆಸೆ ಅವರದು. ಪ್ರಾಮಾಣಿಕ ಮನುಷ್ಯ, ಪತ್ರದ ಸಾಲು ಸಾಲಿನಲ್ಲೂ ಅದು ಕಾಣುತ್ತಿತ್ತು. ನಾನು ಲಕೋಟೆ ತಂದು ವಿಳಾಸವನ್ನೂ ಬರೆದಿಟ್ಟೆ. ಆಮೇಲೆ 2002ರ ಜೀವವೈವಿಧ್ಯ ಕಾಯ್ದೆ ಓದಿದೆ. ವಿದೇಶಿಯರು ನಮ್ಮ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಒಯ್ಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ನಮ್ಮ ನಮ್ಮಲ್ಲಿ ಬೀಜ ಬದಲಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಗಡಿ ದಾಟಿಸುವುದು ಬೇರೆ ಮಾತು. ಲಕೋಟೆಯನ್ನು ಹರಿದು ಹಾಕಿ, ಅನುಮತಿ ಕೇಳುವ ದಾರಿಯನ್ನು ಬರೆದು ಕಳಿಸಿದೆ. ಮತ್ತೆ ಪತ್ರ ಬರಲಿಲ್ಲ.

ಅಂದು ನನಗೆ ತುಂಬಾ ಬೇಸರವಾಗಿತ್ತು. ದೊಡ್ಡಜ್ಜ ಮಾಡಿದ್ದನ್ನೇ ನಾನೂ ಮಾಡಿದೆನೇ ಎಂದು ರಾತ್ರಿಯೆಲ್ಲ ಯೋಚಿಸಿದೆ. ಅರಿಶಿನದಿಂದ ಗಾಯ ಮಾಯುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟನ್ನು ಹೋರಾಡಿ 1997ರಲ್ಲಿ ರದ್ದು ಮಾಡಿಸಬೇಕಾಗಿ ಬಂದ ನಮ್ಮ ದೇಶಕ್ಕೆ ಇಂಥ ಕಾಯ್ದೆ ಬೇಕೆಂಬುದು ನನಗೆ ಅರ್ಥವಾಗುತ್ತದೆ. ದೊಡ್ಡವರಿಗಾಗಿ ಹೆಣೆದ ಬಲೆಯಲ್ಲಿ ಇಪ್ಪತ್ತು ಕಾಳಿನ ಮನುಷ್ಯ ಸಿಕ್ಕಿಕೊಳ್ಳುತ್ತಾನೆ ಎಂಬ ದುಃಖವೂ ನಿಜ. ಹವ್ಯಾಸಿಗಳಿಗೆ ಒಂದು ಪುಟದ ಸರಳ ಅರ್ಜಿ ಇರಬೇಕಿತ್ತು. ಅದೂ ಅಲ್ಲದೆ, ಈಗ ಭತ್ತದ ಡಿಎನ್‌ಎಯ ಅಕ್ಷರಗಳನ್ನು ಓದಿ ಕಂಪ್ಯೂಟರಿನಲ್ಲಿ ಇಟ್ಟರೆ ಕಾಳು ಊರಲ್ಲೇ ಇದ್ದರೂ ಅದರ ಗುಟ್ಟು ಲೋಕ ಸುತ್ತಬಹುದು. ಅದರ ಲಾಭದಲ್ಲಿ ಮೂಲದವರಿಗೂ ಪಾಲು ಸಿಗಲೆಂದು 2025ರ ಫೆಬ್ರುವರಿಯಲ್ಲಿ ಕ್ಯಾಲಿ ನಿಧಿ ಎಂಬುದು ಶುರುವಾಗಿದೆ.

ಇದನ್ನೆಲ್ಲ ಗಜನಿಯ ಹಿರಿಯರಿಗೆ ವಿವರಿಸುತ್ತಾ, ನೆರೆಯಲ್ಲಿ ಮುಳುಗಿದರೂ ಬದುಕುವ ಸ್ವರ್ಣ ಸಬ್-1 ಭತ್ತದ ಕಥೆ ಹೇಳಿದೆ. ಅದರ ಜೀನ್ ಸಿಕ್ಕಿದ್ದು ಒಡಿಶಾದ ರೈತರು ಬೆಳೆಸುತ್ತಿದ್ದ ಹಳೆಯ ತಳಿಯೊಂದರಿಂದ ಆರಿಸಿದ ಎಫ್‌ಆರ್13ಎ ಎಂಬ ಭತ್ತದಲ್ಲಿ. 2006ರಲ್ಲಿ ಜೀನ್ ಗುರುತಾಯಿತು, 2009ರಲ್ಲಿ ತಳಿ ಭಾರತದ ಗದ್ದೆಗೆ ಬಂತು, ಬಡವರ ಎಷ್ಟೋ ಗದ್ದೆಗಳನ್ನು ಉಳಿಸಿತು. ಅವರು ಕೊನೆಯವರೆಗೆ ಕೇಳಿ, "ಒಳ್ಳೆಯದೇ ಆಯಿತು ಅಕ್ಕೋರೆ. ಆ ಬೀಜ ಇಟ್ಟುಕೊಂಡಿದ್ದವರ ಹೆಸರೇನು?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಇದ್ದದ್ದು ಮೂರು ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ.

ಅವರ ಆ ಪ್ರಶ್ನೆಯಿಂದಲೇ ನಮ್ಮ ಕೂಟದಲ್ಲಿ ಚೀಟಿ ಕಡ್ಡಾಯವಾದದ್ದು. ಹಿಂದೆ ಜೀವ ಊರಿಂದ ಊರಿಗೆ ಹೋಗುವಾಗ ಹೆಸರೇ ಚೀಟಿಯಾಗಿತ್ತು. ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂದ ಅನಾನಸು, ಅಲ್ಲಿನ ಮೂಲನಿವಾಸಿಗಳ ಬಾಯಿಯ ಶಬ್ದವನ್ನು ಇನ್ನೂ ಹೊತ್ತುಕೊಂಡೇ ಕಾರವಾರದ ಸಂತೆಯಲ್ಲಿ ಕುಳಿತಿದೆ. ಪರಂಗಿ ಹಣ್ಣು ತಂದವರು ಪರಂಗಿಗಳೆಂದು ಹೆಸರೇ ಹೇಳುತ್ತದೆ. 1876ರಲ್ಲಿ ಕಾಫಿ ಗಿಡದ ಶಿಲೀಂಧ್ರವೊಂದಕ್ಕೆ ಹೆಸರಿಡುವಾಗ ಇಂಗ್ಲೆಂಡಿನ ಶಿಲೀಂಧ್ರತಜ್ಞ ಕುಕ್ ನಮ್ಮ ಕೊಳೆರೋಗ ಎಂಬ ಶಬ್ದವನ್ನೇ ಲ್ಯಾಟಿನ್ನಿನ ಪಕ್ಕದಲ್ಲಿಟ್ಟರು. ಅಪ್ಪೆಗಳಲ್ಲಿ ಪ್ರಸಿದ್ಧವಾದದ್ದು ಅನಂತ ಭಟ್ಟನ ಅಪ್ಪೆ. ಆ ಪುಣ್ಯಾತ್ಮ ಕುಡಿ ಕೊಡದೆ ಇದ್ದಿದ್ದರೆ ಇವತ್ತು ಅವರ ಹೆಸರನ್ನು ಯಾರು ಹೇಳುತ್ತಿದ್ದರು?

ಹೋದ ಭಾನುವಾರಕ್ಕೆ ಮರಳುತ್ತೇನೆ. ಅಂಚೆಯವರ ಒಂದು ಬಾಟಲಿಯ ಚೀಟಿ ನೀರು ತಾಗಿ ಅಳಿಸಿಹೋಗಿತ್ತು. ಎಳೆ ಬಲು ಚೆನ್ನಾಗಿ ಹಬ್ಬಿತ್ತು, ಇಬ್ಬರು ಕೇಳಿದರು. ಅವರು ಕೊಡದೆ ಚೀಲಕ್ಕೆ ಹಾಕಿಕೊಂಡರು. ಯಾವ ಅಣಬೆ, ಯಾವ ಮರದ್ದು ಎಂದು ಖಚಿತವಿಲ್ಲದೆ ತಿನ್ನುವ ವಸ್ತುವನ್ನು ಕೊಡಲಾರೆ ಎಂದರು. ಸರಿಯಾದ ಮಾತು.

ಕಾರವಾರದ ಹುಡುಗಿ ಕಗ್ಗ ಕೇಳಿದಳು. ಹಿರಿಯರು ಟವಲಿನ ಗಂಟು ಬಿಚ್ಚಲಿಲ್ಲ.

"ಯಾವ ಗದ್ದೆಗೆ, ತಂಗಿ?"

"ಸೂಕ್ಷ್ಮದರ್ಶಕದಲ್ಲಿ ಬೇರು ನೋಡಬೇಕು. ಉಪ್ಪನ್ನು ಹೇಗೆ ತಡೆಯುತ್ತದೆ ಅಂತ."

"ನೋಡು. ಆದರೆ ಡಬ್ಬಿಯಲ್ಲಿ ಇಟ್ಟರೆ ಎರಡು ವರ್ಷಕ್ಕೆ ಸಾಯುತ್ತದೆ. ಬಿತ್ತುವುದು ಎಲ್ಲಿ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಕಾಳಿ ಹಿನ್ನೀರಿನ ಪಕ್ಕ ತನ್ನ ಸೋದರಮಾವನ ಅರ್ಧ ಎಕರೆ ಇದೆ, ಒಡ್ಡು ಒಡೆದು ಉಪ್ಪು ಹತ್ತಿದ ಮೇಲೆ ಆರು ವರ್ಷದಿಂದ ಹಾಳು ಬಿದ್ದಿದೆ ಎಂದಳು. ಹಿರಿಯರು ಒಡ್ಡಿನ ಎತ್ತರ ಕೇಳಿದರು, ತೂಬು ಇದೆಯೇ ಎಂದು ಕೇಳಿದರು, ಹುಣ್ಣಿಮೆಯ ಭರತದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದರು. ಮಾವನಿಗೆ ಫೋನ್ ಮಾಡಿಸಿ ತಾವೇ ಮಾತಾಡಿದರು. ಅರ್ಧ ಗಂಟೆ. ಅಷ್ಟರಲ್ಲಿ ಮನೆಯವರು ಎರಡನೆಯ ಸಲ ಚಹಾ ತಂದರು. ಕೊನೆಗೆ ಗಂಟು ಬಿಚ್ಚಿ ನಾಲ್ಕು ಬೊಗಸೆ ಅಳೆದು ಅವಳ ಚೀಲಕ್ಕೆ ಹಾಕಿದರು. ಚೀಟಿ ಬರೆಯುವ ಕೆಲಸ ಯಾವಾಗಲೂ ನನ್ನದು. ಅವರು ಹೇಳುತ್ತಾ ಹೋದರು, ನಾನು ಬರೆದೆ:

ಕಗ್ಗ. ಮಾಣಿಕಟ್ಟಾ ಬದಿಯ ಗಜನಿ. ಕೊಟ್ಟವರ ಅಮ್ಮ ತವರಿನಿಂದ ತಂದದ್ದು. ಮೊಳಕೆ ಬರಿಸಿ ಬಿತ್ತಬೇಕು. ಮೊದಲ ಮಳೆಗೆ ಉಪ್ಪು ತೊಳೆದುಹೋಗುವ ತನಕ ಕಾಯಬೇಕು. ತೆನೆ ಕೊಯ್ದ ಮೇಲೆ ಹುಲ್ಲು ಬಿಡಬೇಕು. ಮುಂದಿನ ವರ್ಷ ಕೇಳಿ ಬಂದ ಇಬ್ಬರಿಗೆ ಕೊಡಬೇಕು.

"ಇಬ್ಬರು ಸಾಕೇ?" ಎಂದು ಕೇಳಿದೆ. ಅವರು ಯೋಚಿಸಿ, ಅಮ್ಮನ ಹೆಸರನ್ನೂ ತವರೂರಿನ ಹೆಸರನ್ನೂ ಹೇಳಿ, ಅದನ್ನು ಮೊದಲ ಸಾಲಿನಲ್ಲಿ ಸೇರಿಸಲು ಹೇಳಿದರು.